ಮುಕ್ಕಾಲು ಬುಟ್ಟಿ

ಇಪ್ಪತ್ತಾರು ವರ್ಷ ತಲಿ ಮ್ಯಾಲೆ ಬುಟ್ಟಿ ಹೊತ್ತ ಹೆಣ್ಣುಮಗಳಿಗೆ ಒಬ್ಬಾಕಿ, "ನೀ ಇಷ್ಟು ದಿನ ಹೊತ್ತದ್ದು ಮಾಲಲ್ಲ ಅನ್ನಮ್ಮಾ, ನಿನ್ನ ನೀನೇ ಹೊತ್ತೀದಿ" ಅಂದ್ರ ಸಿಟ್ಟು ಬರಬೇಕೋ ಬ್ಯಾಡೋ, ನೀವೇ ಹೇಳ್ರಿ. ಅನ್ನಮ್ಮಗ ಬಂತು. ಕುಂತ ಚಾಪಿ ಮ್ಯಾಲಿಂದ ಎದ್ದೇ ಬಿಟ್ಟಳು.

ಹಂಗಂದಾಕಿ ವೇದವತಿ ಟೀಚರು. ಧಾರವಾಡ ಕಡೆಯಾಕಿ. ಗಂಡ ರೈಲ್ವೆದಾಗ ಗುಮಾಸ್ತ, ಮನಿ ಮಲ್ಕಾಜ್‌ಗಿರಿ ಸ್ಟೇಷನ್ ಹಿಂದ. ಭಾನುವಾರ ಮಧ್ಯಾಹ್ನ ಊಟ ಆದ ಮ್ಯಾಲೆ ಐದಾರು ಕೂಲಿ ಹೆಣ್ಣುಮಕ್ಕಳನ್ನ ಕೂಡಿಸಿಕೊಂಡು ಓಪನ್ ಸ್ಕೂಲಿನ ಹತ್ತನೇತ್ತದ ಪಾಠ ಹೇಳತಿದ್ದಳು. ಅನ್ನಮ್ಮಗ ನಲವತ್ತೆರಡು ವಯಸ್ಸು. ಯಾದಗಿರಿ ಕಡೆ ಹಳ್ಳಿಯೊಳಗ ಏಳನೇತ್ತಕ್ಕ ಸಾಲಿ ಬಿಟ್ಟಾಕಿ, ಈಗ ಉಪ್ಪಲ್‌ನಿಂದ ಷೇರ್ ಆಟೋ ಹಿಡಿದು ಬಂದು ಗಣಿತ, ವಿಜ್ಞಾನ ಅಂತ ಕುಂದ್ರತಿದ್ದಳು. ಆಕಿ ಜೋಡಿ ಕಾಂಕ್ರೀಟ್ ಹೊರೋ ಗ್ಯಾಂಗಿನವರು ನಗತಿದ್ದರು. "ಸಾಯೋ ಕಾಲಕ್ಕ ಸಾಲಿ" ಅಂತಿದ್ದರು. ಆಕಿ ನಕ್ಕು ಸುಮ್ಮನಾಗತಿದ್ದಳು, ಯಾಕಂದ್ರ ಆಕಿ ಮನಸ್ಸಿನಾಗ ಮೇಸ್ತ್ರಿ ಆಗೋ ಆಸೆ ಇತ್ತು. ಮೇಸ್ತ್ರಿಗೆ ನಕ್ಷೆ ಓದಾಕ ಬರಬೇಕಲ್ಲ.

"ಟೀಚರಮ್ಮಾ, ಒಂದಿನ ಉಪ್ಪಲ್‌ಗೆ ಬಂದು ನೋಡ್ರಿ. ನನ್ನ ಬುಟ್ಟಿ ಎತ್ತಿ ನೋಡ್ರಿ, ಆಮ್ಯಾಲೆ ಮಾತಾಡ್ರಿ" ಅಂದಳು ಅನ್ನಮ್ಮ.

"ಕೂಡ್ರು ತಾಯಿ, ಸಿಟ್ಟು ಆಮ್ಯಾಲೆ. ಮೊದಲ ಲೆಕ್ಕ ಮಾಡೂಣು. ಒಂದು ಕಿಲೋ ಸಾಮಾನು ಒಂದು ಮೀಟರ್ ಮ್ಯಾಲೆತ್ತಿದ್ರ ಸುಮಾರು ಹತ್ತು ಜೂಲ್ ಕೆಲಸ. ನಿನ್ನ ಬುಟ್ಟಿ ಎಷ್ಟು?"

"ಇಪ್ಪತ್ತು ಕಿಲೋ. ಕಂಠಮಟ ತುಂಬಿದ್ದು. ನಮ್ಮ ಗ್ಯಾಂಗಿನಾಗ ಕಮ್ಮಿ ತುಂಬಿದ ಬುಟ್ಟಿ ಹೊತ್ತರ ಮೂಗು ಕೊಯ್ದಂಗ."

"ಎಷ್ಟು ಎತ್ತರ ಒಯ್ತಿ?"

"ಮೂರನೇ ಸ್ಲ್ಯಾಬಿಗೆ ಅಂದ್ರ ಹತ್ತು ಮೀಟರು."

"ಎರಡು ಸಾವಿರ ಜೂಲ್ ಆತು. ಈಗ ನಿನ್ನ ತೂಕ ಹೇಳು."

"ಅರವತ್ತು."

"ಆ ಅರವತ್ತು ಕಿಲೋ ಮ್ಯಾಲೆ ಒಯ್ದವರು ಯಾರು? ಕ್ರೇನ್ ಬಂದಿತ್ತೇನು?"

ಅನ್ನಮ್ಮ ಬೆರಳ ಮ್ಯಾಲೆ ಲೆಕ್ಕ ಹಾಕಿದಳು. ಅರವತ್ತು ಕಿಲೋಕ್ಕ ಆರು ಸಾವಿರ ಜೂಲ್. ಒಟ್ಟು ಎಂಟು ಸಾವಿರದ ಬೆವರು ಸುರಿಸಿದ್ರ ಮ್ಯಾಲೆ ಉಳಿಯೋದು ಎರಡೇ ಸಾವಿರದ ಮಾಲು. ಉಳಿದ ಆರು ಸಾವಿರ ಆಕಿ ಮೈ ಏರಿಸಾಕ ಹೋತು. ಕೆಳಗಿಳಿದಳು ಅಂದ್ರ ಅದೂ ಹೋತು, ಮತ್ತ ಮೊದಲಿಂದ ಏರಿಸಬೇಕು. ನಾಲ್ಕು ಪಾಲು ದುಡಿದು ಒಂದು ಪಾಲು ಕೆಲಸ! ಆಕಿಗೆ ಅಳುನೂ ಬಂತು, ನಗುನೂ ಬಂತು. ಅಯ್ಯ ಶಿವನೇ, ಈ ಊರಿನಾಗ ಎಷ್ಟು ಬಿಲ್ಡಿಂಗಿನ ಎಷ್ಟು ಮೆಟ್ಟಿಲ ಮ್ಯಾಲೆ ನನ್ನನ್ನೇ ನಾನು ಹೊತ್ತು ತಿರಗೀನಿ ಅಂತ ಹೊಳ್ಳಿ ಹೋಗುವಾಗ ಆಟೋದಾಗ ಕುಂತು ಒಬ್ಬಾಕೇ ನಕ್ಕಳು. ಬಾಜೂಕ ಕುಂತಾಕಿ ಸ್ವಲ್ಪ ಸರಕೊಂಡು ಕುಂತಳು.

ಮುಂದಿನ ಭಾನುವಾರ ಟೀಚರು ಇನ್ನೆರಡು ಮಾತು ಹೇಳಿದಳು. ಒಂದು, ಕೆಲಸ ಅಷ್ಟೇ ಇದ್ರೂ ಎಷ್ಟು ಹೊತ್ತಿನಾಗ ಮುಗಸ್ತೀರಿ ಅನ್ನೋದೇ ಪವರ್. ಇನ್ನೊಂದು, ಹೋಗೋ ವಸ್ತುವಿನಾಗ ಅದರ ಓಟದ್ದೇ ಒಂದು ಶಕ್ತಿ ಇರ್ತದ. ನಿಲ್ಲಿಸಿದ್ರ ಅದು ಹೋತು, ಮತ್ತ ಹೊರಡಿಸಬೇಕಂದ್ರ ಮೈಯಾಗಿಂದ ಹೊಸದಾಗಿ ಕೊಡಬೇಕು. ಈ ಎರಡನೇದು ಅನ್ನಮ್ಮಗ ಹೇಳಿಕೊಡೋದೇ ಬೇಕಿರಲಿಲ್ಲ. ತುಂಬಿದ ತಳ್ಳುಗಾಡಿ ಹೊರಡಿಸಾಕ ಎಷ್ಟು ಮಂದಿ ಬೇಕು, ಹೊರಟ ಮ್ಯಾಲೆ ಎಷ್ಟು ಬೆರಳು ಸಾಕು ಅನ್ನೋದು ತಳ್ಳಿದವರಿಗೆ ಗೊತ್ತಿರತದ.

ಇದಾಗಿ ಹದಿನೈದು ದಿನಕ್ಕ ಆಕಿ ಪಾಲಿಗೆ ಒಂದು ಸ್ಲ್ಯಾಬು ಬಂತು.

ಆಕಿ ಹದಿನೆಂಟು ವರ್ಷ ದುಡಿದದ್ದು ಅಂಬಣ್ಣನ ಕೈಕೆಳಗ. ಅಂಬಣ್ಣ ಆಕಿ ಊರಿನವನೇ, ಐವತ್ತರ ಮ್ಯಾಲಿನ ಮನುಷ್ಯ, ಉಪ್ಪಲ್‌ದಾಗ ಕನ್ನಡ ಗ್ಯಾಂಗಿಗೆಲ್ಲ ಅವನೇ ಮೇಸ್ತ್ರಿ. ಅವನಿಗೆ ಶಂಶಾಬಾದ್‌ನಾಗ ಏರ್‌ಪೋರ್ಟ್ ಬಾಜೂಕ ದೊಡ್ಡ ಕೆಲಸ ಸಿಕ್ಕಿತು. ಮೆಟ್ರೋ ಡಿಪೋ ಹಿಂದಿನ ಗಲ್ಲಿಯ ಈ ಸಣ್ಣ ಅಪಾರ್ಟ್‌ಮೆಂಟಿನ ಕಡೆ ಬರಾಕ ಅವನಿಗೆ ಪುರಸೊತ್ತು ಇರಲಿಲ್ಲ. ಇಲ್ಲಿಯ ಎಂಜಿನಿಯರ್ ಕೇದಾರ, ತೆಲುಗು ಮಾತಾಡೋ ಮೂವತ್ತರ ಹುಡುಗ, ತಲಿ ಕೆರಕೊಂಡ. ಅನ್ನಮ್ಮ ಮುಂದ ಹೋಗಿ ನಿಂತು, "ಈ ಸ್ಲ್ಯಾಬು ನಾ ಹಾಕಸ್ತೀನ್ರಿ" ಅಂದಳು.

ಕೇದಾರ ಆಕಿನ್ನ ಮ್ಯಾಲೆ ಕೆಳಗ ನೋಡಿದ. "ಮೂರನೇದು ಹಾಕಿ ತೋರಿಸು. ಸರಿ ಬಂದ್ರ ಮ್ಯಾಲಿನ ಎರಡೂ ನಿನ್ನವೇ. ಕೆಟ್ಟರ ಮತ್ತ ಅಂಬಣ್ಣನ್ನ ಕರೀತೀನಿ, ನೀ ಬುಟ್ಟಿ ಹೊರು" ಅಂದ. ಸುತ್ತು ಬಳಸಿಲ್ಲದ ಮಾತು. ಅನ್ನಮ್ಮಗ ಅಂಥ ಮಾತೇ ಬೇಕಿತ್ತು.

ಸ್ಲ್ಯಾಬ್ ಅಂದ್ರ ಒಂದೇ ಉಸಿರಿನ ಕೆಲಸ ನೋಡ್ರಿ. ಶುರು ಮಾಡಿದ್ರ ಮುಗಿಯೋತನಕ ನಿಲ್ಲಂಗಿಲ್ಲ. ಹಾಕಿದ ಕಾಂಕ್ರೀಟಿನ ಅಂಚು ಬಿಸಿಲಿಗೆ ಬಿಗಿಯೋದರೊಳಗ ಹೊಸ ಮಾಲು ಬಂದು ಅದಕ್ಕ ಕೂಡಬೇಕು. ತಡ ಆದ್ರ ಎರಡರ ನಡುವ ಜಾಯಿಂಟ್ ಬೀಳತದ, ಮಳಿ ಬಂದಾಗ ಅಲ್ಲಿಂದ ಸೋರತದ. ಅಂಥ ಸ್ಲ್ಯಾಬನ್ನ ಎಂಜಿನಿಯರ್ ಒಡಸತಾನ. ಹಾಕಿಸಿದ ಮೇಸ್ತ್ರಿ ಮತ್ತ ಆ ಗಲ್ಲಿಯೊಳಗ ಮುಖ ತೋರಸಂಗಿಲ್ಲ.

ಏಪ್ರಿಲ್ ತಿಂಗಳು. ಮುಂಜಾನೆ ಏಳಕ್ಕ ಶುರು ಆತು. ಕೆಳಗ ಮಿಕ್ಸರ್ ಹತ್ತಿರ ಬುಟ್ಟಿ ತುಂಬೋ ಮಲ್ಲಣ್ಣನ ಜೋಡಿ ಮೂರು ಮಂದಿ, ಮ್ಯಾಲೆ ಮಾಲು ಹರವಾಕ ಮೂರು ಮಂದಿ, ನಡುವ ಅನ್ನಮ್ಮ ಸೇರಿ ಹದಿನೈದು ಮಂದಿ ಬುಟ್ಟಿಯವರು. ಬುಟ್ಟಿ ಮ್ಯಾಲೆ ಒಯ್ಯೋದು ಮೋಟಾರಿನ ಲಿಫ್ಟು. ಹನ್ನೊಂದೂವರೆತನಕ ಎಲ್ಲಾ ಬೆಣ್ಣಿಯಂಗ ನಡೀತು. ಅರ್ಧ ಸ್ಲ್ಯಾಬ್ ಆತು. ಕೇದಾರ ನೋಡಿ ಖುಷಿಯಾಗಿ, ಆಫೀಸಿನಾಗ ಕೆಲಸ ಐತಿ ಅಂತ ಬೈಕ್ ಹತ್ತಿ ಹೋದ. ಅವನು ಗಲ್ಲಿ ತಿರುಗಿದ್ದೇ ತಡ, ಲಿಫ್ಟಿನ ಮೋಟಾರು ಕಿರ್ರ್ ಅಂತು, ಹೊಗಿ ಬಂತು, ನಿಂತೇ ಬಿಡ್ತು. ಮಲ್ಲಣ್ಣ ಮುಚ್ಚಳ ತೆಗೆದು ಮೂಸಿ, "ಸುಟ್ಟ ಹೋಗೇತಿ ಅಕ್ಕಾ. ಇದು ಇವತ್ತಿಗೆ ಏಳಂಗಿಲ್ಲ" ಅಂದ.

ಅನ್ನಮ್ಮ ಕೇದಾರನಿಗೆ ಫೋನ್ ಹಚ್ಚಿದಳು, ಅವನು ಎತ್ತಲಿಲ್ಲ. ಅರ್ಧ ಹಾಕಿದ ಸ್ಲ್ಯಾಬಿನ ಅಂಚು ಮ್ಯಾಲೆ ಬಿಸಿಲಿನಾಗ ಬಾಯಿ ತಕ್ಕೊಂಡು ಕುಂತಿತ್ತು.

"ಎಷ್ಟು ಹೊತ್ತು ತಡೀತದ?" ಅಂತ ಮಲ್ಲಣ್ಣನ್ನ ಕೇಳಿದಳು.

"ಒದ್ದಿ ಗೋಣಿಚೀಲ ಹೊಚ್ಚಿ, ಅಂಚಿನುದ್ದಕ್ಕೂ ಅಷ್ಟಿಷ್ಟು ಹೊಸ ಮಾಲು ಹಾಕ್ಕೋತ ಇದ್ರ ಎರಡೂವರೆ ತಾಸು. ಅದಕ್ಕಿಂತ ಮ್ಯಾಲೆ ದೇವರೇ ಗತಿ."

"ಇನ್ನ ಎಷ್ಟು ಬುಟ್ಟಿ?"

"ಐದುನೂರಕ್ಕ ಇಪ್ಪತ್ತು ಕಮ್ಮಿ."

ಗ್ಯಾಂಗಿನ ಹೆಣ್ಣುಮಕ್ಕಳು ಇವರ ಮಾತು ಮುಗಿಯೋತನಕ ಕಾಯಲಿಲ್ಲ. ಸೆರಗು ಸೊಂಟಕ್ಕ ಸಿಗಿಸಿದರು, ತಲಿ ಮ್ಯಾಲೆ ಸಿಂಬಿ ಇಟ್ಟರು, ಮಲ್ಲಣ್ಣ ಗುಡ್ಡದಂಗ ತುಂಬಿದ ಬುಟ್ಟಿ ಹೊತ್ತು ಮೆಟ್ಟಿಲಿಗೆ ನುಗ್ಗಿದರು. ಅರವತ್ತು ಮೆಟ್ಟಿಲು, ಹಿಡಕೊಳ್ಳಾಕ ಕಟಾಂಜನ ಇನ್ನೂ ಇಲ್ಲ. ಎಲ್ಲರಿಗಿಂತ ಮುಂದ ಬಸಲಿಂಗಮ್ಮ, ಅರವತ್ತರ ಮುದುಕಿ, "ನಡೀರೇ ನಡೀರಿ, ಅನ್ನಮ್ಮನ ಮಾನ ಹೋಗಬಾರದು" ಅಂತ ಒದರಕೋತ. ಅನ್ನಮ್ಮನೂ ಹೊತ್ತಳು. ಆ ಹೊತ್ತಿನಾಗ ಆಕಿಗೆ ಟೀಚರೂ ನೆನಪಿಲ್ಲ, ಜೂಲೂ ನೆನಪಿಲ್ಲ. ಮಾನ ಒಂದೇ ನೆನಪಿತ್ತು.

ಅರ್ಧ ತಾಸಿಗೆ ಎಲ್ಲರ ನಾಲಿಗಿ ಹೊರಗ ಬಂತು. ಏರುವವರಿಗೆ ಇಳಿಯುವವರು ಅಡ್ಡ, ಇಳಿಯುವವರಿಗೆ ಏರುವವರು ಅಡ್ಡ. ಶಿವಗಂಗಾ, ಗ್ಯಾಂಗಿನಾಗ ಎಲ್ಲರಿಗಿಂತ ಸಣ್ಣಾಕಿ, ಬಾಯಿ ಮಾತ್ರ ಎಲ್ಲರಿಗಿಂತ ದೊಡ್ಡದು, ಅಂಥಾಕಿನೂ ಮಾತು ಬಿಟ್ಟು ಗೋಡಿಗೆ ಒರಗಿದ್ದಳು. ಅನ್ನಮ್ಮ ಮ್ಯಾಲಿನವರನ್ನ ಕೂಗಿ ಕೇಳಿದಳು. ಮ್ಯಾಲೆ ಬಂದು ಬಿದ್ದದ್ದು ಅರವತ್ತು ಬುಟ್ಟಿ, ಅಷ್ಟೇ.

ಅರ್ಧ ತಾಸಿಗೆ ಅರವತ್ತು. ನಾಲ್ಕುನೂರಾ ಎಂಬತ್ತಕ್ಕ ನಾಲ್ಕು ತಾಸು. ಅದೂ ಯಾರೂ ದಣಿಯದಿದ್ರ.

ಅದೇ ಹೊತ್ತಿಗೆ ಗೇಟಿನಾಗ ಬೈಕಿನ ಸದ್ದಾತು. ಅಂಬಣ್ಣ. ಬಿಳಿ ಅಂಗಿ, ಕೊರಳಿಗೆ ಟವೆಲ್. ಯಾರೋ ಫೋನ್ ಮಾಡಿ ಸುದ್ದಿ ಮುಟ್ಟಿಸಿದ್ದರು, ಮಂದಿಗೆ ಬ್ಯಾರೆ ಕೆಲಸ ಏನಿರತದ? ಅವನು ಲಿಫ್ಟ್ ನೋಡಿದ, ಮೆಟ್ಟಿಲ ಮ್ಯಾಲೆ ಬಿದ್ದ ಹೆಣ್ಣುಮಕ್ಕಳನ್ನ ನೋಡಿದ, ಅನ್ನಮ್ಮನ್ನ ನೋಡಿ ತಲಿ ಅಲ್ಲಾಡಿಸಿದ.

"ಅನ್ನಮ್ಮಾ, ಆನಿ ಭಾರ ಆನಿಗೆ, ಇರಿವಿ ಭಾರ ಇರಿವಿಗೆ ಅಂತ ಸುಮ್ಮನ ಹೇಳ್ಯಾರೇನು? ನನ್ನ ಹತ್ರ ನಾಗೋಲ್‌ದಾಗ ಒಂದು ಲಿಫ್ಟ್ ಖಾಲಿ ಐತಿ. ಒಂದು ತಾಸಿನಾಗ ತರಸ್ತೀನಿ. ಕೇದಾರ ಸರ್‌ಗೆ ಮಾತ್ರ, ನನ್ನ ಕೈಲಿ ಆಗಲಿಲ್ಲ, ಅಂಬಣ್ಣ ಬಂದು ಉಳಿಸಿದ ಅಂತ ಹೇಳಬೇಕು. ಅಷ್ಟೇ."

ಅಷ್ಟೇ ಅಂತ! ಹೂಂ ಅಂದ್ರ ಸ್ಲ್ಯಾಬ್ ಬಹುಶಃ ಉಳೀತಿತ್ತು, ಮೇಸ್ತ್ರಿಕಿ ಹೋಗತಿತ್ತು. ಉಹುಂ ಅಂದ್ರ ಎರಡೂ ಹೋಗಬಹುದಿತ್ತು. ಆಕಿ ಬಸಲಿಂಗಮ್ಮನ ಕಡೆ ನೋಡಿದಳು. ಮುದುಕಿ ಖಾಲಿ ಕೈಲೆ ಮೆಟ್ಟಿಲಿಳಿಯಾಕತ್ತಿದ್ದಳು, ಒಂದೊಂದು ಮೆಟ್ಟಿಲಿಗೂ ಮೊಣಕಾಲ ಹಿಡಕೊಂಡು. ಬುಟ್ಟಿ ಮ್ಯಾಲೆ ಬಿಟ್ಟು ಬಂದಿದ್ದಳು. ತನ್ನ ಮೈ ಒಂದನ್ನೇ ಕೆಳಗ ತರಾಕತ್ತಿದ್ದಳು, ಮತ್ತ ಅದನ್ನೇ ಮ್ಯಾಲೆ ಒಯ್ಯಾಕ.

ಆವಾಗ ಅನ್ನಮ್ಮನ ತಲಿಯಾಗ ದೀಪ ಹತ್ತಿತು.

"ಯಾರೂ ಹತ್ತಬ್ಯಾಡ್ರಿ! ಎಲ್ಲಿದ್ದೀರಿ ಅಲ್ಲೇ ನಿಂದರ್ರಿ!" ಅಂತ ಗಲ್ಲಿಗೆಲ್ಲ ಕೇಳೋ ಹಂಗ ಒದರಿದಳು. "ಹತ್ತಬೇಕಾದ್ದು ಮಾಲು, ನಾವಲ್ಲ! ನಾಲ್ಕು ಮೆಟ್ಟಿಲಿಗೆ ಒಬ್ಬೊಬ್ಬರು ನಿಂದರ್ರಿ. ಕೆಳಗಿನಾಕಿ ಕೈಯಿಂದ ಇಸಕೋರಿ, ಮ್ಯಾಲಿನಾಕಿ ಕೈಗೆ ಕೊಡ್ರಿ. ಖಾಲಿ ಬುಟ್ಟಿ ಮ್ಯಾಲಿಂದ ಉಸುಕಿನ ಗುಡ್ಡಿ ಮ್ಯಾಲೆ ಒಗೀರಿ, ಹೊತ್ತು ಇಳಿಯೋದು ಬ್ಯಾಡ."

"ನಿಂತು ಕೆಲಸ ಮಾಡೋದೇನವಾ? ಅದು ಸೋಮಾರಿಗಳ ಕೆಲಸ" ಅಂತ ಬಸಲಿಂಗಮ್ಮ ಗೊಣಗಿದಳು.

"ಎವ್ವಾ, ಒಂದು ಬುಟ್ಟಿ ಮಾಲಿಗೆ ನೀ ಮೂರು ಬುಟ್ಟಿಯಷ್ಟು ನಿನ್ನ ಮೈ ಹೊರಾಕತ್ತಿ. ಆ ಮೂರು ಬುಟ್ಟಿ ಇವತ್ತು ಇಲ್ಲೇ ನಿಂದರಲಿ."

ಅಂಬಣ್ಣ ನಕ್ಕ. "ಟೀಚರಮ್ಮನ ಪಾಠ ಶುರು ಆತು" ಅಂತ ಎರಡನೇ ಮಾಳಿಗಿ ಏರಿ, ಕಿಟಕಿ ಹತ್ರ ತಮಾಷೆ ನೋಡಾಕ ನಿಂತ. ಅನ್ನಮ್ಮ ಅವನ ಕಡೆ ತಿರುಗಿ ನೋಡಲಿಲ್ಲ. ಅರವತ್ತು ಮೆಟ್ಟಿಲು, ಹದಿನೈದು ಮಂದಿ, ಲೆಕ್ಕ ಸರಿ ಕುಂತಿತ್ತು. ತಾನು ಒಂಬತ್ತನೇ ಜಾಗದಾಗ ನಿಂತಳು, ಅಲ್ಲಿಂದ ಮ್ಯಾಲೂ ಕೆಳಗೂ ಕಾಣತಿತ್ತು. ಆಕಿ ಕೆಳಗ ಎಂಟನೇದಾಕಿ ಬಸಲಿಂಗಮ್ಮ, ಅದರ ಕೆಳಗ ಶಿವಗಂಗಾ.

ಮೊದಲ ಬುಟ್ಟಿ ಬಂತು, ಹೋತು. ಎರಡನೇದು, ಮೂರನೇದು. ಮ್ಯಾಲಿಂದ, "ಬಂತ್ರೇ, ಬರಾಕತ್ತೇತಿ!" ಅಂತ ಕೂಗಿದರು. ಮೆಟ್ಟಿಲ ಮ್ಯಾಲೆ ಈಗ ಯಾರೂ ಯಾರಿಗೂ ಅಡ್ಡ ಇಲ್ಲ. ಅನ್ನಮ್ಮಗ ಕುಣೀಬೇಕು ಅನ್ನಿಸಿತು.

ಆದ್ರ ಅದೇನು ಭಾಳ ಹೊತ್ತು ನಡೀಲಿಲ್ಲ. ಹತ್ತು ನಿಮಿಷಕ್ಕ ಸಾಲು ತೊಡಕಾತು. ಮಲ್ಲಣ್ಣ ಕೆಳಗ ಮೊದಲಿನಂಗೇ ಗುಡ್ಡದಂಗ ತುಂಬಾಕತ್ತಿದ್ದ. ತಲಿ ಮ್ಯಾಲೆ ಇಪ್ಪತ್ತು ಕಿಲೋ ಹೊರೋದು ಬ್ಯಾರೆ, ಬಗ್ಗಿ ಇಸಕೊಂಡು ಎದಿಮಟ ಎತ್ತಿ ಕೊಡೋದು ಬ್ಯಾರೆ. ಒಬ್ಬೊಬ್ಬರೂ ಬುಟ್ಟಿ ಇಸಕೊಂಡು, ತೊಡಿ ಮ್ಯಾಲೆ ಇಳಿಸಿ, ಉಸ್ ಅಂದು, ಮತ್ತ ಎತ್ತತಿದ್ದರು. ನಾಲ್ಕನೇದಾಕಿ ನಿಂತರ ಮೂರನೇದಾಕಿನೂ ನಿಂತಳು, ಎರಡನೇದಾಕಿನೂ ನಿಂತಳು. ಕಡೀಕ ಬಸಲಿಂಗಮ್ಮನ ಮಣಿಕಟ್ಟು ಸೋತು ಬುಟ್ಟಿ ಕೈಜಾರಿತು. ಮಾಲೆಲ್ಲ ಮೆಟ್ಟಿಲ ಮ್ಯಾಲೆ ಚೆಲ್ಲಿತು. ಮುದುಕಿ ಅಲ್ಲೇ ಕುಂತು ಕೈ ಒತ್ತಿಕೊಂಡು ಅಳಾಕ ಶುರು ಮಾಡಿದಳು.

"ನೋಡಿದೇನು?" ಅಂದ ಅಂಬಣ್ಣ. "ನಾಗೋಲ್‌ಗೆ ಫೋನ್ ಹಚ್ಚಲೇನು?"

ಅನ್ನಮ್ಮ ಕಣ್ಣು ಮುಚ್ಚಿ ನಿಂತಳು. ಲೆಕ್ಕ ತಪ್ಪಿಲ್ಲ, ಮತ್ತ ತಪ್ಪಿದ್ದೆಲ್ಲಿ? ಹೊತ್ತು ಹತ್ತುವಾಗ ಬುಟ್ಟಿ ತುಂಬಿರಬೇಕು, ಅದು ಖರೆ. ಹೆಂಗೂ ಮೈ ಒಯ್ಯಬೇಕು, ಒಂದು ಸಲಕ್ಕ ಹೆಚ್ಚು ಮಾಲು ಹೋದ್ರ ಅಷ್ಟು ಲಾಭ. ಹಿಂದಿನವರು ತುಂಬಿದ ಬುಟ್ಟಿಗೆ ಮಾನ ಕೊಟ್ಟದ್ದು ಸುಮ್ಮನಲ್ಲ. ಆದ್ರ ಇವತ್ತು ಮೈ ಹತ್ತವಲ್ದು. ಇಲ್ಲಿ ಬುಟ್ಟಿ ತುಂಬಿದಷ್ಟೂ ನಿಲ್ಲತದ, ನಿಂತಷ್ಟೂ ಅದರ ಓಟ ಸಾಯತದ. ಸತ್ತ ಓಟಕ್ಕ ಹದಿನೈದು ಮಂದಿ ಹದಿನೈದು ಸಲ ಮತ್ತ ಜೀವ ಕೊಡಬೇಕು. ಅಯ್ಯ, ಮಾನಕ್ಕ ಹೋಗಿ ಕೈ ಮುರಕೊಳ್ಳಾಕತ್ತೀವಲ್ಲ!

"ಮಲ್ಲಣ್ಣಾ!" ಅಂತ ಕೂಗಿದಳು. "ಮುಕ್ಕಾಲು ತುಂಬು!"

ಮಿಕ್ಸರ್ ಸದ್ದಿನಾಗೂ ಆ ಮಾತು ಎಲ್ಲರಿಗೂ ಕೇಳಿತು. ಮಲ್ಲಣ್ಣ ಸಲಿಕಿ ಹಿಡಕೊಂಡು ಹಂಗೇ ನಿಂತ. "ಏನಂದಿ ಅಕ್ಕಾ? ಮುಕ್ಕಾಲು? ಈ ಗ್ಯಾಂಗಿನಾಗ ನಾ ಇವತ್ತಿನತನಕ ಕಮ್ಮಿ ಬುಟ್ಟಿ ತುಂಬಿಲ್ಲ. ಊರಾಗ ತಿಳಿದ್ರ ನಗತಾರ."

"ನಕ್ಕರ ನನ್ನ ಹೆಸರು ಹೇಳು. ಮುಕ್ಕಾಲು ಅಂದ್ರ ಮುಕ್ಕಾಲು. ಒಂದು ಸಲಿಕಿ ಹೆಚ್ಚಾದ್ರೂ ನಾ ಕೆಳಗಿಳಿದು ಬರತೀನಿ ನೋಡು!" ಆಮ್ಯಾಲೆ ಸಾಲಿನವರಿಗೆ ಹೇಳಿದಳು: "ಬುಟ್ಟಿ ಇಳಿಸಬ್ಯಾಡ್ರಿ, ತೊಡಿಗೆ ಹಚ್ಚಬ್ಯಾಡ್ರಿ. ಬಂದ ರಭಸದಾಗೇ ಮುಂದ ದಾಟಸ್ರಿ. ಮಗ್ಗಲಾಗಿ ನಿಂದರ್ರಿ, ಸೊಂಟ ತಿರಗಲಿ, ಕೈ ಬರೇ ದಾರಿ ತೋರಸಲಿ. ನಾ ಹೋ ಅಂದಾಗ ಎಲ್ಲರೂ ಒಮ್ಮೆಲೆ ದಾಟಸಬೇಕು. ತಿಳೀತಿಲ್ಲೋ?"

ತಿಳೀತು. ಆದ್ರ ಎಂಟನೇ ಜಾಗ ಖಾಲಿ ಇತ್ತು. ಬಸಲಿಂಗಮ್ಮ ಕೈ ಹಿಡಕೊಂಡು ಮ್ಯಾಲೆ ಹೋಗಿದ್ದಳು, ಖಾಲಿ ಬುಟ್ಟಿ ಒಗಿಯಾಕ. ಆ ಎಂಟನೇ ಜಾಗದಾಗ ಈಗ ಕಿಟಕಿ ಬಿಟ್ಟು ಬಂದ ಅಂಬಣ್ಣ ನಿಂತಿದ್ದ, ಫೋನ್ ಕೈಯಾಗ ಹಿಡಕೊಂಡು, ಚೆಲ್ಲಿದ ಮಾಲು ಬೂಟಿಗೆ ಹತ್ತದಂಗ ಒಂದು ಕಾಲು ಎತ್ತಿ.

"ಹೋ!" ಅಂದಳು ಅನ್ನಮ್ಮ.

ಮೊದಲ ಮುಕ್ಕಾಲು ಬುಟ್ಟಿ ಮೇಲೆದ್ದಿತು. ಹೋ! ಎರಡನೇ ಕೈ. ಹೋ! ಮೂರನೇ ಕೈ. ಬುಟ್ಟಿ ನಿಲ್ಲಲಿಲ್ಲ. ಏಳನೇ ಜಾಗದಾಗ ಶಿವಗಂಗಾ ಸೊಂಟ ತಿರುಗಿಸಿ ನೋಡತಾಳ, ಎದುರಿಗೆ ಅಂಬಣ್ಣ. "ಹಿಡಕೋ ಮಾವಾ, ಇಲ್ಲಂದ್ರ ನಿನ್ನ ಕಾಲ ಮ್ಯಾಲೇ ಬೀಳತದ!" ಅಂದವಳೇ ತಳ್ಳಿಬಿಟ್ಟಳು. ಅಂಬಣ್ಣ ಫೋನ್ ಜೇಬಿಗೆ ತುರುಕಿದನೋ ಎಲ್ಲಿ ತುರುಕಿದನೋ, ಎರಡೂ ಕೈ ತಾವೇ ಮುಂದ ಬಂದವು. ಮೂವತ್ತು ವರ್ಷದ ಹಿಂದ ಅವನೂ ಬುಟ್ಟಿ ಹೊತ್ತವನೇ. ಕೈ ಮರೆತಿರಲಿಲ್ಲ. ಬುಟ್ಟಿ ಬಂದ ರಭಸದಾಗೇ ಅನ್ನಮ್ಮನ ಕೈಗೆ ಬಂತು.

"ಏ, ಏ, ನಾ ಇಲ್ಲಿ ನಿಂದ್ರಾಕ ಬಂದಿಲ್ಲ..." ಅನ್ನೋದರೊಳಗ ಎರಡನೇದು ಬಂತು. ಅದನ್ನ ದಾಟಿಸಿದ. "ಯಾರಾದ್ರೂ ಬರ್ರೋ..." ಮೂರನೇದು ಬಂತು. ಬಿಳಿ ಅಂಗಿ ಮ್ಯಾಲೆ ಸಿಮೆಂಟಿನ ಪಟ್ಟಿ ಮೂಡಿತು. ಐದನೇದಕ್ಕ ಅವನು ಬಯ್ಯೋದು ಬಿಟ್ಟ. ಹತ್ತನೇದಕ್ಕ ಬೂಟು ಒದ್ದು ತೆಗೆದ. ಇಪ್ಪತ್ತನೇದಕ್ಕ, ಅಯ್ಯೋ ದೇವರೇ, ಅವನೇ "ಹೋ!" ಅನ್ನಾಕ ಶುರು ಮಾಡಿದ.

"ದನಿ ಛಲೋ ಐತಿ ಮೇಸ್ತ್ರಿ" ಅಂದಳು ಅನ್ನಮ್ಮ, ಬುಟ್ಟಿ ಇಸಕೋತ.

"ಬಾಯಿ ಮುಚ್ಚು. ಉಸರು ಉಳಿಸಿಕೋ" ಅಂದ ಅಂಬಣ್ಣ, ಬುಟ್ಟಿ ಕೊಡುತ್ತ.

ಅವನ ಮಾರಿ ಮ್ಯಾಲೂ ನಗು ಇತ್ತು. ಸುಳ್ಳು ಹೇಳಾಕ ಹೋಗಂಗಿಲ್ಲ ನಾನು, ಅಂಬಣ್ಣ ಹೊಟ್ಟಿಕಿಚ್ಚಿನ ಮನುಷ್ಯ ಹೌದು, ಆದ್ರ ಕೆಲಸ ಚಂದ ನಡೆದಾಗ ಅದರಿಂದ ಕೈ ಹಿಂದಕ್ಕ ತಕ್ಕೊಳ್ಳಾಕ ಅವನಿಗೂ ಬರತಿರಲಿಲ್ಲ.

ನಿಮಿಷಕ್ಕ ಆರು ಬುಟ್ಟಿ ಇದ್ದದ್ದು ಎಂಟಾತು, ಎಂಟು ಇದ್ದದ್ದು ಹತ್ತಾತು. ಮುಕ್ಕಾಲು ತುಂಬಿದ್ದಕ್ಕ ಬುಟ್ಟಿ ಹೆಚ್ಚಾದವು, ನಿಜ. ಆದ್ರ ಓಟ ಹೆಚ್ಚಾಗಿ ಆ ಲುಕ್ಸಾನು ತುಂಬಿ, ಮ್ಯಾಲೆ ಬಡ್ಡಿನೂ ಕೊಟ್ಟಿತು. ಹತ್ತು ಮಂದಿ ಕಡ್ಡಿ ಒಬ್ಬನ ಹೊರಿ ಅಂತಾರಲ್ಲ, ಹಂಗ. ಮಿಕ್ಸರ್ ತಿರುಗಿದ್ದು ತಡ, ಮಾಲು ಮ್ಯಾಲೆ. ಮಲ್ಲಣ್ಣನೇ ಈಗ ಬೆವರು ಒರಸಿಕೊಂಡು, "ಸ್ವಲ್ಪ ಸಾವಕಾಶ ಅಕ್ಕಾ, ನನಗ ತುಂಬಾಕ ಟೈಮ್ ಕೊಡು" ಅಂತ ಕೆಳಗಿಂದ ಬೇಡಿಕೊಂಡ. ಮೆಟ್ಟಿಲಿಗೆಲ್ಲ ನಗುನೇ ನಗು. ಅರ್ಧ ತಾಸಿಗೆ ಒಮ್ಮೆ ಐದು ನಿಮಿಷ ನಿಲ್ಲಿಸಿ ನೀರು ಕು‌ಡಿಸಿದಳು ಅನ್ನಮ್ಮ, ಎಡಕ್ಕ ತಿರುಗಿ ನಿಂತವರನ್ನ ಬಲಕ್ಕ ತಿರುಗಿಸಿ ನಿಲ್ಲಿಸಿದಳು. ದಣಿವು ಇತ್ತು, ಇಲ್ಲ ಅನ್ನಂಗಿಲ್ಲ. ತೋಳು ಉರೀತಿದ್ದವು. ಆದ್ರ ಮೊಣಕಾಲು ನಡುಗತಿರಲಿಲ್ಲ, ಎದಿ ಒಡೀತಿರಲಿಲ್ಲ. ಮ್ಯಾಲಿಂದ ಖಾಲಿ ಬುಟ್ಟಿ ಉಸುಕಿನ ಮ್ಯಾಲೆ ಧೊಪ್ ಧೊಪ್ ಅಂತ ಬೀಳತಿದ್ದವು. ಮಗ್ಗಲ ಮನಿಯವರು ಬಾಲ್ಕನಿಗೆ ಬಂದು ನಿಂತು ನೋಡಿದರು.

ಎರಡಕ್ಕ ಹತ್ತು ನಿಮಿಷ ಇರುವಾಗ ಮ್ಯಾಲಿಂದ ಬಸಲಿಂಗಮ್ಮನ ದನಿ ಬಂತು. "ಸಾಕ್ರೇ! ಮುಗೀತು! ಮೂಲಿಗೆ ಮುಟ್ಟಿತು!"

ಕೈಯಾಗಿದ್ದ ಬುಟ್ಟಿ ಕೈಯಾಗೇ ನಿಂತವು. ಶಿವಗಂಗಾ ಒಂದು ಕೂಗು ಹಾಕಿದಳು ನೋಡ್ರಿ, ಮ್ಯಾಲೆ ಹೋಗೋ ಮೆಟ್ರೋದಾಗಿನವರಿಗೂ ಕೇಳಿರಬೇಕು. ಎಲ್ಲರೂ ಒಬ್ಬರ ಮ್ಯಾಲೆ ಒಬ್ಬರು ಬಿದ್ದು ನಕ್ಕರು, ಅತ್ತರು, ಸಿಮೆಂಟಿನ ಕೈಲೇ ಮಾರಿ ಸವರಿಕೊಂಡರು. ಅನ್ನಮ್ಮ ಮ್ಯಾಲೆ ಓಡಿ ಅಂಚು ನೋಡಿದಳು. ಹಳೇ ಮಾಲು ಎಲ್ಲಿ, ಹೊಸ ಮಾಲು ಎಲ್ಲಿ ಅಂತ ಆಕಿಗೇ ಗುರುತು ಸಿಗಲಿಲ್ಲ.

ಮಿಸ್ಡ್ ಕಾಲ್ ನೋಡಿ ಕೇದಾರ ಎದ್ದೋ ಬಿದ್ದೋ ಅಂತ ಬಂದ. ಸುಟ್ಟ ಮೋಟಾರು ನೋಡಿ ಅವನ ಮಾರಿ ಬಿಳಿಚಿತು. ಯಾರನ್ನೂ ಮಾತಾಡಿಸದೆ ಎರಡೆರಡು ಮೆಟ್ಟಿಲು ಹಾರಿ ಮ್ಯಾಲೆ ಹೋದ. ಒಂದು ಸಣ್ಣ ಸಲಾಕಿ ತಕ್ಕೊಂಡು ಅಂಚು ಇದ್ದ ಕಡೆಯೆಲ್ಲ ಚುಚ್ಚಿ ನೋಡಿದ. ಎಲ್ಲಾ ಕಡೆ ಒಂದೇ ಸಮ ಇಳೀತು. ಮೂಲಿ ಮೂಲಿ ನೋಡಿದ, ಮಟ್ಟದ ಪಟ್ಟಿ ಇಟ್ಟು ನೋಡಿದ. ಕೆಳಗ ಗ್ಯಾಂಗಿನವರೆಲ್ಲ ನಳದ ಹತ್ರ ಕೈ ತೊಳಕೋತ, ತಲಿ ಎತ್ತಿ ಕಾಯತಿದ್ದರು.

ಅವನು ಇಳಿದು ಬಂದಾಗ ಮಾರಿ ತುಂಬ ನಗು. ಅವನ ಕಣ್ಣು ಗುಂಪಿನಾಗ ಒಬ್ಬನ ಮ್ಯಾಲೆ ಹೋಗಿ ನಿಂತಿತು. ಮೊಣಕೈತನಕ ಸಿಮೆಂಟು ಹತ್ತಿದ, ಬರಿಗಾಲಿನ ಅಂಬಣ್ಣ.

"ಅಂಬಣ್ಣ ಮೇಸ್ತ್ರೀ!" ಅಂತ ತೆಲುಗಿನಾಗ ಕೂಗಿ, ಹೋಗಿ ಅವನ ಭುಜ ಹಿಡಕೊಂಡ. "ನೀವು ಬಂದ್ರಿ, ಸ್ಲ್ಯಾಬ್ ಉಳೀತು. ಒಂದು ಗೆರಿನೂ ಇಲ್ಲ! ನನಗ ಮೊದಲೇ ಅನುಮಾನ ಇತ್ತು ನೋಡ್ರಿ. ಇನ್ನ ಮ್ಯಾಲಿನ ಎರಡೂ ನೀವೇ ಹಾಕಸ್ರಿ."

ಶಿವಗಂಗಾ ಬಾಯಿ ತೆರೆದಳು, ಬಸಲಿಂಗಮ್ಮ ಆಕಿ ಕೈ ಒತ್ತಿ ಹಿಡಿದಳು. ಅನ್ನಮ್ಮ ಅಂಬಣ್ಣನ ಕಡೆ ನೋಡಿದಳು. ತಾನೇ ಮಾಡಿಸಿದ್ದು ಅಂತ ತಾನೇ ಹೇಳಿದ್ರ ಯಾರು ನಂಬತಾರ? ಕೂಲಿ ಹೆಣ್ಣುಮಕ್ಕಳ ಸಾಕ್ಷಿ ಯಾರಿಗೆ ಬೇಕು? ಅಂಬಣ್ಣ ಸುಮ್ಮನ ಗೋಣು ಹಾಕಿದ್ರ ಮುಗೀತು. ಅವನು ಬಂದಾಗ ಕೇಳಿದ್ದೂ ಅದನ್ನೇ.

ಅಂಬಣ್ಣ ತನ್ನ ಎರಡೂ ಅಂಗೈ ನೋಡಿಕೊಂಡ. ಬೊಬ್ಬಿ ಎದ್ದಿದ್ದವು. ಸುತ್ತಲಿನ ಎಲ್ಲರ ಮಾರಿ ನೋಡಿದ. ಆಮ್ಯಾಲೆ ಕೇದಾರನ ಕೈಯನ್ನ ಭುಜದಿಂದ ಸಾವಕಾಶ ಇಳಿಸಿದ.

"ನಾ ಅಲ್ಲ ಸರ್" ಅಂದ, ಎಲ್ಲರಿಗೂ ಕೇಳಲಿ ಅಂತ ಜೋರಾಗಿ. "ನಾ ಬಂದದ್ದು ಈ ಸ್ಲ್ಯಾಬ್ ಕಸಗೊಳ್ಳಾಕ. ಇವತ್ತು ಇಲ್ಲಿ ನಾ ಎಂಟನೇ ಆಳು. ಮೇಸ್ತ್ರಿ ಅಕಿ." ಬೊಬ್ಬಿ ಎದ್ದ ಕೈಲೇ ಅನ್ನಮ್ಮನ ಕಡೆ ತೋರಿಸಿದ. "ಲಿಫ್ಟ್ ಇಲ್ಲದೇ ಹತ್ತು ಟನ್ ಮಾಲು ಮ್ಯಾಲೆ ಹಾಕಿದ್ದು ಅಕಿ ತಲಿ. ನನ್ನ ಕೈಲಿ ಆಗತಿರಲಿಲ್ಲ, ನನಗ ತಿಳೀತಾನೂ ಇರಲಿಲ್ಲ."

ಕೇದಾರ ಬೆಪ್ಪಾಗಿ ಅನ್ನಮ್ಮನ ಕಡೆ ತಿರುಗಿದ. "ಹಂಗಾದ್ರ ಲಿಫ್ಟೇ ಬ್ಯಾಡಲ್ಲ? ನಾಲ್ಕನೇ ಸ್ಲ್ಯಾಬೂ ಹಿಂಗೇ ಹಾಕಸಿಬಿಡು" ಅಂತ ನಕ್ಕ.

ಅನ್ನಮ್ಮ ನಗಲಿಲ್ಲ. ಸೆರಗಿನಿಂದ ಕೈ ಒರಸಿಕೊಂಡಳು. ಬಸಲಿಂಗಮ್ಮನ ಬಾತ ಮಣಿಕಟ್ಟು ಆಕಿಗೆ ಕಾಣತಿತ್ತು.

"ಇಲ್ಲ ಸರ್. ಇವತ್ತು ಗತಿ ಇಲ್ಲದೇ ಮಾಡೀವಿ, ಮಾಡಬಲ್ಲಿವಿ ಅಂತ ಮಾಡಿ ತೋರಿಸೀವಿ. ದಿನಾ ಮಾಡಾಕ ಇವರ ಕೈ ನಾ ಕೊಡಂಗಿಲ್ಲ. ಮೊದಲ ಲಿಫ್ಟ್ ರಿಪೇರಿ ಆಗಲಿ, ಮೆಟ್ಟಿಲಿಗೆ ಕಟಾಂಜನ ಬರಲಿ. ಆಮ್ಯಾಲೆ ನಾಲ್ಕನೇದರ ಮಾತು."

ಎಂಜಿನಿಯರ್‌ಗೆ ಹಂಗ ಎದುರು ಮಾತಾಡಿದವರನ್ನ ಗ್ಯಾಂಗಿನವರು ಯಾರೂ ನೋಡಿರಲಿಲ್ಲ. ಅಂಬಣ್ಣನೂ ನೋಡಿರಲಿಲ್ಲ.

ಕೇದಾರ ಜೇಬಿನಿಂದ ಫೋನ್ ತೆಗೆದು ಮೆಕ್ಯಾನಿಕ್‌ನ ನಂಬರ್ ಒತ್ತಿ, ಕಿವಿಗೆ ಇಟ್ಟುಕೊಂಡು, ಆಕಿ ಕಡೆ ಗೋಣು ಹಾಕಿ, ತೆಲುಗಿನಾಗ ದೊಡ್ಡವರನ್ನ ಕರೆಯೋ ಹಂಗ ಕರೆದ.

"ಸರೇ, ಮೇಸ್ತ್ರಿಗಾರೂ" ಅಂದ.